ಬೀಗ–ಕೀಲಿ ಹೋಲಿಕೆ ಎಲ್ಲಿಯವರೆಗೆ?

ಮಧುಮೇಹದ ಪಾಠಗಳಲ್ಲಿ, ಆರೋಗ್ಯ ಲೇಖನಗಳಲ್ಲಿ ಒಂದು ಹೋಲಿಕೆ ಮತ್ತೆ ಮತ್ತೆ ಕಾಣುತ್ತದೆ. ಜೀವಕೋಶ ಒಂದು ಮನೆ, ಅದರ ಪೊರೆಯಲ್ಲಿರುವ ಗ್ರಾಹಕ ಬೀಗ, ಇನ್ಸುಲಿನ್ ಕೀಲಿಕೈ. ಬೀಗ ಕೆಟ್ಟರೆ ಗ್ಲೂಕೋಸ್ ಒಳಹೋಗದು. ಅದೇ ಇನ್ಸುಲಿನ್ ಪ್ರತಿರೋಧ. 1894ರಲ್ಲಿ ಎಮಿಲ್ ಫಿಷರ್ ಕಿಣ್ವಗಳನ್ನು ಕುರಿತು ಬಳಸಿದ ಈ ಹೋಲಿಕೆ, ಅಣುಗಳ ಆಕಾರ ಪರಸ್ಪರ ಹೊಂದಬೇಕೆಂಬುದನ್ನು ಚೆನ್ನಾಗಿ ತಿಳಿಸುತ್ತದೆ. ಆದರೆ ಆದರ್ಶ ಅನಿಲ ನಿಯಮವನ್ನು ಕಲಿಸುವಾಗ ಅದು ಎಲ್ಲಿ ಸೋಲುತ್ತದೆಂಬುದನ್ನೂ ಹೇಳುತ್ತೇವಲ್ಲವೆ? ಇಲ್ಲಿಯೂ ಹಾಗೆ ಹೇಳಬೇಕು. ಗ್ರಾಹಕದ ಜೀನಿನಲ್ಲಾಗುವ ಅಪರೂಪದ ಉತ್ಪರಿವರ್ತನೆಗಳು ಈ ಹೋಲಿಕೆಯನ್ನು ಒರೆಗೆ ಹಚ್ಚಲು ನೆರವಾಗುತ್ತವೆ.

ಮೊದಲ ತೊಡಕು ರಚನೆಯದು. ಗ್ರಾಹಕದಲ್ಲಿ ಎರಡು ಸಮಾನ ಅರ್ಧಗಳಿವೆ. ಪ್ರತಿ ಅರ್ಧದ ಆಲ್ಫಾ ಭಾಗ ಪೊರೆಯ ಹೊರಗಿದೆ. ಬೀಟಾ ಭಾಗ ಪೊರೆಯನ್ನು ದಾಟಿ ಒಳಗೆ ಚಾಚಿದೆ. ಇನ್ಸುಲಿನ್ ಅಂಟಿದಾಗ ಗ್ರಾಹಕದ ಆಕಾರ ಬದಲಾಗಿ, ಒಳಗಿನ ಎರಡು ತುದಿಗಳು ಹತ್ತಿರ ಬರುತ್ತವೆ. ಟೈರೋಸಿನ್ ಕೈನೇಸ್ ಕಿಣ್ವಗಳಾದ ಇವು ಒಂದಕ್ಕೊಂದು ಫಾಸ್ಫೇಟನ್ನು ಸೇರಿಸುತ್ತವೆ. ಅಲ್ಲಿಂದ ಸಂಕೇತವು ಐಆರ್‌ಎಸ್ ಪ್ರೋಟೀನು, ಪಿಐ3-ಕೈನೇಸ್, ಎಕೆಟಿ ಎಂಬ ಹಂತಗಳಲ್ಲಿ ಸಾಗುತ್ತದೆ. ಸ್ನಾಯು ಮತ್ತು ಕೊಬ್ಬಿನ ಕೋಶಗಳಲ್ಲಿ ಕೊನೆಗೆ ಗ್ಲುಟ್-4 ಎಂಬ ಸಾಗಣೆ ಪ್ರೋಟೀನು ಪೊರೆಗೆ ಬರುತ್ತದೆ. ಗ್ಲೂಕೋಸ್ ಒಳಹೋಗುವುದು ಇದರ ಮೂಲಕವೇ ಹೊರತು ಗ್ರಾಹಕದ ಮೂಲಕವಲ್ಲ. ಬೀಗ ಒಂದು ಕಡೆ, ಬಾಗಿಲು ಇನ್ನೊಂದು ಕಡೆ!

ಎರಡನೆಯದು ಲೆಕ್ಕದ ತೊಡಕು. ಜೀನಿನ ಎರಡು ಪ್ರತಿಗಳಲ್ಲಿ ಒಂದು ಪ್ರೋಟೀನನ್ನೇ ತಯಾರಿಸದಿದ್ದರೆ ಸುಮಾರು ಅರ್ಧದಷ್ಟು ಗ್ರಾಹಕಗಳು ಉಳಿಯುತ್ತವೆ, ಅವೆಲ್ಲ ಸರಿಯಾದವು. ಅಂಥವರು ಸಾಮಾನ್ಯವಾಗಿ ಆರೋಗ್ಯವಾಗಿರುತ್ತಾರೆ. ಆದರೆ ಆ ಪ್ರತಿಯು ಕೈನೇಸ್ ಕೆಟ್ಟ ಪ್ರೋಟೀನನ್ನು ತಯಾರಿಸಿದರೆ? ಅರ್ಧಗಳು ಯಾದೃಚ್ಛಿಕವಾಗಿ ಜೋಡಿಯಾದಾಗ ಎರಡೂ ಅರ್ಧ ಸರಿಯಿರುವ ಸಂಭವ ½ × ½, ಅಂದರೆ ಕಾಲು ಭಾಗ ಮಾತ್ರ. ಮಿಶ್ರ ಜೋಡಿಗಳು ಸರಿಯಾಗಿ ಕೆಲಸ ಮಾಡವು. ಇಲ್ಲದ ಪ್ರೋಟೀನಿಗಿಂತ ಕೆಟ್ಟ ಪ್ರೋಟೀನು ಹೆಚ್ಚು ಹಾನಿಕರ! 1976ರಲ್ಲಿ ವರ್ಣಿತವಾದ ‘ಟೈಪ್-ಎ’ ಇನ್ಸುಲಿನ್ ಪ್ರತಿರೋಧದ ಹಲವು ರೋಗಿಗಳಲ್ಲಿ ಇಂಥ ದೋಷವಿದೆ. ಎರಡೂ ಪ್ರತಿಗಳು ತೀವ್ರವಾಗಿ ಕೆಟ್ಟರೆ ಡೊನೊಹ್ಯೂ ಸಿಂಡ್ರೋಮ್. ಇದಕ್ಕೆ ಒಳಗಾದ ಹೆಚ್ಚಿನ ಮಕ್ಕಳು ಶೈಶವದಲ್ಲಿಯೇ ಸಾಯುತ್ತವೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಸಾಮಾನ್ಯ ಟೈಪ್-2 ಮಧುಮೇಹದಲ್ಲಿ ಗ್ರಾಹಕದ ಜೀನು ಬಹುತೇಕ ಸರಿಯಾಗಿಯೇ ಇರುತ್ತದೆ. ಅಡಚಣೆ ಹೆಚ್ಚಾಗಿ ಮುಂದಿನ ಹಂತಗಳಲ್ಲಿ. ಅಲ್ಲಿ ಯಕೃತ್ತಿನ ಕೊಬ್ಬು, ರಕ್ತದ ಟ್ರೈಗ್ಲಿಸರೈಡ್ ಏರುವುದುಂಟು. ಆದರೆ ಗ್ರಾಹಕದ ಜೀನೇ ಕೆಟ್ಟವರಲ್ಲಿ, ಪ್ರತಿರೋಧ ಅತಿ ತೀವ್ರವಾಗಿದ್ದರೂ, ಇವೆರಡೂ ಏರುವುದಿಲ್ಲವೆಂದು 2009ರ ಅಧ್ಯಯನವೊಂದು ತೋರಿಸಿತು. ಗ್ರಾಹಕವೇ ಕೆಟ್ಟಾಗ ಸಂಕೇತದ ಎಲ್ಲ ಕವಲುಗಳೂ ನಿಲ್ಲುತ್ತವೆ. ಸಾಮಾನ್ಯ ಪ್ರತಿರೋಧದಲ್ಲಿ ಗ್ಲೂಕೋಸ್ ನಿಯಂತ್ರಿಸುವ ಕವಲು ಕುಂದಿದರೂ ಕೊಬ್ಬು ತಯಾರಿಸುವ ಕವಲು ನಡೆಯುತ್ತಲೇ ಇರುತ್ತದೆ ಎಂಬುದು ಒಂದು ವಿವರಣೆ. ವಿವರಗಳಲ್ಲಿ ಚರ್ಚೆ ಮುಗಿದಿಲ್ಲ. ಬೀಗದ ಹೋಲಿಕೆಯಲ್ಲಂತೂ ಈ ವ್ಯತ್ಯಾಸಕ್ಕೆ ಜಾಗವೇ ಇಲ್ಲ.

ಇದು ಕೇವಲ ಪದಗಳ ತಕರಾರಲ್ಲ. ತಂದೆತಾಯಿಗೆ ಮಧುಮೇಹವಿರುವ ವಿದ್ಯಾರ್ಥಿ ‘ಬೀಗ ಕೆಟ್ಟಿದೆ’ ಎಂದು ಕೇಳಿದರೆ ಅದನ್ನು ಹುಟ್ಟಿನಿಂದ ಬಂದ, ಸರಿಪಡಿಸಲಾಗದ ದೋಷವೆಂದು ತಿಳಿಯುವ ಸಾಧ್ಯತೆಯಿದೆ. ವಾಸ್ತವವಾಗಿ, ನಡೆಯುವಾಗ ಸಂಕುಚಿಸುವ ಸ್ನಾಯುವು ಇನ್ಸುಲಿನ್ ಸಂಕೇತದ ನೆರವಿಲ್ಲದೆಯೂ ಗ್ಲುಟ್-4ನ್ನು ಪೊರೆಗೆ ತರಬಲ್ಲದು. ಕೀಲಿಯಿಲ್ಲದೆ ಬಾಗಿಲು ತೆರೆಯುವ ಈ ದಾರಿಯನ್ನು ಹೋಲಿಕೆ ಮುಚ್ಚಿಡುತ್ತದೆ.

ಶಿಕ್ಷಕರು ಬೀಗದ ಬದಲು ಮನೆಯ ವಿದ್ಯುತ್ ಜಾಲವನ್ನು ಬಳಸಬಹುದು. ಮೇನ್ ಸ್ವಿಚ್ ಕೆಟ್ಟರೆ ಇಡೀ ಮನೆ ಕತ್ತಲು; ಒಂದು ಕವಲಿನ ತಂತಿ ಕಡಿದರೆ ಉಳಿದ ಕೋಣೆಗಳಲ್ಲಿ ದೀಪ ಉರಿಯುತ್ತದೆ. ‘ಈ ರೋಗಿಯಲ್ಲಿ ಕಡಿದಿರುವುದು ಎಲ್ಲಿ?’ ಎಂದು ತರಗತಿಯಲ್ಲಿ ಕೇಳಬಹುದು. ಈ ಹೋಲಿಕೆಗೂ ಮಿತಿಯಿದೆ: ತಂತಿ ಸಂಕೇತವನ್ನು ವರ್ಧಿಸುವುದಿಲ್ಲ, ಕೋಶ ವರ್ಧಿಸುತ್ತದೆ. ಅದನ್ನೂ ಅದೇ ಪಾಠದಲ್ಲಿ ಹೇಳಿಬಿಡಬೇಕು.