ಬಿಟ್ಟಿ ಚಾಕರಿಗೊಂದು ಇಂಗ್ಲಿಷ್ ಹೆಸರು

ಕಾನೂನು ಓದುವ ಹುಡುಗ ಹುಡುಗಿಯರು ರಜೆಯಲ್ಲೋ, ಕ್ಲಾಸುಗಳ ನಡುವೆ ವಾರಕ್ಕೆರಡು ದಿನವೋ ಮಾನವ ಹಕ್ಕುಗಳ ಕಚೇರಿಗೆ ಹೋಗಿ ಕೆಲಸ ಕಲಿಯೋದಕ್ಕೆ ಇಂಟರ್ನ್‌ಶಿಪ್ ಅಂತ ಹೆಸರು. ಅರ್ಜಿ ಬರೀತಾರೆ, ನೊಂದವರ ಹೇಳಿಕೆ ಬರೆದುಕೊಳ್ತಾರೆ, ಹಳೇ ತೀರ್ಪು ಹುಡುಕಿ ಕೊಡ್ತಾರೆ, ಜೆರಾಕ್ಸ್ ಮಾಡಿಸ್ತಾರೆ. ಸಂಬಳ? ಬಹಳ ಕಡೆ ಇಲ್ಲ. ಕೊನೆಗೊಂದು ಸರ್ಟಿಫಿಕೇಟು. ನಮ್ಮ ಅಪ್ಪ ತಾತಂದಿರು ಗೌಡರ ಹಟ್ಟಿಯಲ್ಲಿ ಇದೇ ಲೆಕ್ಕದಲ್ಲಿ ದುಡಿದರು. ಅವರಿಗೆ ಸರ್ಟಿಫಿಕೇಟೂ ಸಿಗಲಿಲ್ಲ. ಅದನ್ನು ನಾವು ಬಿಟ್ಟಿ ಚಾಕರಿ ಅಂದೆವು.

ಮಾತು ಅತಿಯಾಯಿತು ಅನ್ನುವವರು 1982ರ ಏಷ್ಯಾಡ್ ತೀರ್ಪನ್ನು ತೆಗೆದು ನೋಡಲಿ. ದಿಲ್ಲಿಯ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟಿದ ಕೂಲಿಕಾರರ ಪರವಾಗಿ ಪಿ.ಯು.ಡಿ.ಆರ್. ಹೂಡಿದ ಮೊಕದ್ದಮೆ ಅದು. ಹಸಿವು ಬಡತನಗಳ ಒತ್ತಾಯಕ್ಕೆ ಸಿಕ್ಕಿ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯುವುದು ಕೂಡ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಸುಪ್ರೀಂ ಕೋರ್ಟು ಹೇಳಿತು. ಈ ತೀರ್ಪನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ ಹುಡುಗ ಮಧ್ಯಾಹ್ನದ ಊಟಕ್ಕೆ ಕಾಸಿಲ್ಲದೆ ಹಕ್ಕುಗಳ ಕಚೇರಿಯಲ್ಲೇ ನೀರು ಕುಡಿದು ಕೂತಿರ್ತಾನೆ. ನಿಜ, ಕಾನೂನಿನ ಕಣ್ಣಿಗೆ ಅವನು ಕೂಲಿಕಾರ ಅಲ್ಲ, ಕಲಿಯುವವನು. ಆದರೆ ಒಲ್ಲೆ ಅನ್ನುವ ಸ್ವಾತಂತ್ರ್ಯ ಅವನಿಗೆ ಎಲ್ಲಿದೆ? ಬಾರ್ ಕೌನ್ಸಿಲಿನ 2008ರ ನಿಯಮದ ಪ್ರಕಾರ ಮೂರು ವರ್ಷದ ಕೋರ್ಸಿಗೆ 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಕಡ್ಡಾಯ. ಕಡ್ಡಾಯ ಮಾಡಿದವರಿಗೆ ಬಸ್ ಚಾರ್ಜಿನ ನೆನಪು ಬರಲಿಲ್ಲ.

ಅದೇ ನಿಯಮಗಳು ವಸತಿ ಕಾಲೇಜಲ್ಲದ ಕಡೆ ಬೆಳಿಗ್ಗೆ 8ರಿಂದ ಸಂಜೆ 7ರ ಒಳಗೇ ಪಾಠ ಮುಗಿಯಬೇಕು ಅಂದವು. ಹಗಲೆಲ್ಲ ದುಡಿದು ಸಂಜೆ ಕಾನೂನು ಓದುವ ದಾರಿ ಅಲ್ಲಿಗೆ ಮುಚ್ಚಿತು. ಬಾಬಾಸಾಹೇಬರು 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ ನೌಕರಿಗೆ ಹೋಗುವ ಬಡ ಹುಡುಗರಿಗಾಗಿಯೇ ಮುಂಜಾನೆ ತರಗತಿ ಇಟ್ಟಿದ್ದರು. ಹೊಟ್ಟೆಪಾಡನ್ನು ಮೊದಲು ಲೆಕ್ಕ ಹಾಕಿ ಆಮೇಲೆ ಟೈಂಟೇಬಲ್ ಬರೆದ ರೀತಿ ಅದು. 1913ರಲ್ಲಿ ಬರೋಡಾದ ವಿದ್ಯಾರ್ಥಿವೇತನ ಇಲ್ಲದಿದ್ದರೆ ಕೊಲಂಬಿಯಾ ದೂರದ ಮಾತು ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಕಾಸಿಲ್ಲದೆ ಕೆಲಸ ಮಾಡಬಲ್ಲವರು ಯಾರು? ಬೆಂಗಳೂರಲ್ಲಿ ಸ್ವಂತ ಮನೆ ಇದ್ದವರು. ಸರಿ, ಅವರೇ ಬರ್ತಾರೆ. ಒಳ್ಳೆಯವರೇ ಇರಬಹುದು, ಅವರ ಕಳಕಳಿಯನ್ನು ನಾವು ಅನುಮಾನಿಸೋದಿಲ್ಲ. ಆದರೆ ನಮ್ಮ ಕೇರಿಯ ಅಜ್ಜಿ ಆಡುವ ಮಾತಿನಲ್ಲಿ ಯಾವ ಬಾವಿ, ಯಾವ ಹೋಟೆಲಿನ ಲೋಟ, ಯಾರ ಜಗುಲಿ ಅಂತ ಬಿಡಿಸಿ ಹೇಳದೆ ಉಳಿದದ್ದು ಬಹಳ ಇರುತ್ತೆ. ಅದು ಕೇಳಿಸೋದು ಆ ಬಾವಿ ಹತ್ತಿರ ನಿಂತು ಕಾದವರ ಮಕ್ಕಳಿಗೆ. ಆ ಮಕ್ಕಳು ಅದೇ ಹೊತ್ತಿಗೆ ಹಾಸ್ಟೆಲ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಸಂಬಳಕ್ಕೆ ನಿಂತಿರ್ತಾರೆ. ಹೀಗೆ ನಮ್ಮ ನೋವು ಇನ್ನೊಬ್ಬರ ನೋಟ್‌ಬುಕ್ಕಿಗೆ ಹೋಗುತ್ತೆ, ಅನುಭವ ಅನ್ನುವ ಬಂಡವಾಳವೂ ಅವರದೇ ಆಗುತ್ತೆ.

ಇನ್ನು ಸಮಯದ ಮಾತು. ಸತತವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಇಂಟರ್ನ್‌ಶಿಪ್ ಇರಕೂಡದು ಅಂತಲೂ ನಿಯಮ ಇದೆ. ನಾಲ್ಕು ವಾರದಲ್ಲಿ ದೌರ್ಜನ್ಯದ ಕೇಸು ಏನು ಕಂಡೀತು? 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. 2006ರಲ್ಲಿ ಆರೋಪಿಗಳು ಖುಲಾಸೆಯಾಗಿ ಹೊರಗೆ ಬಂದರು, ಸಾಕ್ಷಿಗಳು ತಿರುಗಿಬಿದ್ದಿದ್ದರು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ಗುಡಿಸಲುಗಳಿಗೆ ಬೆಂಕಿ ಬಿತ್ತು. 98 ಮಂದಿಗೆ ಜೀವಾವಧಿ ಅಂತ ಕೊಪ್ಪಳದ ಕೋರ್ಟು ಹೇಳಿದ್ದು 2024ರ ಅಕ್ಟೋಬರಿನಲ್ಲಿ. ಹತ್ತು ವರ್ಷ! ಅಷ್ಟು ಕಾಲ ಸಾಕ್ಷಿ ಗಟ್ಟಿಯಾಗಿ ನಿಲ್ಲಬೇಕಾದರೆ ಪ್ರತಿ ವಾಯಿದೆಗೂ ಜೊತೆಗೆ ಹೋಗುವ, ಹೆದರಬೇಡಿ ದೊಡ್ಡಪ್ಪ ಅನ್ನುವ, ಸಮನ್ಸನ್ನು ಓದಿ ಹೇಳುವ ಒಬ್ಬ ಮನುಷ್ಯ ಬೇಕು. ಇದಕ್ಕೆ ಬೇಸಿಗೆ ರಜೆಯ ಅತಿಥಿ ಸಾಲದು. ವಾರಕ್ಕೆರಡು ದಿನ, ವರ್ಷಪೂರ್ತಿ, ತನ್ನ ಜಿಲ್ಲೆಯಲ್ಲೇ ಇರುವ ವಿದ್ಯಾರ್ಥಿ ಬೇಕು. ದೌರ್ಜನ್ಯ ತಡೆ ಕಾಯ್ದೆಗೆ ಸೇರಿ 2016ರ ಜನವರಿಯಲ್ಲಿ ಜಾರಿಗೆ ಬಂದ 15ಎ ಕಲಮು ನೊಂದವರಿಗೂ ಸಾಕ್ಷಿಗಳಿಗೂ ಪ್ರಯಾಣದ ಖರ್ಚು ಕೊಡಬೇಕು ಅನ್ನುತ್ತೆ. ಪಕ್ಕದ ಸೀಟಿನಲ್ಲಿ ಕೂತು ಬರುವ ಹುಡುಗಿಯ ಟಿಕೆಟ್ಟು ಮಾತ್ರ ಅವಳ ಜೇಬಿನದು.

ದುಡ್ಡು ಎಲ್ಲಿಂದ? ಸಣ್ಣ ಹಕ್ಕು ಸಂಘಟನೆಗಳನ್ನು ಬೈದು ಪ್ರಯೋಜನವಿಲ್ಲ, ಅವರ ಕಚೇರಿ ಬಾಡಿಗೆಯೇ ಬಾಕಿ. ವಿದೇಶಿ ಹಣ ನೆಚ್ಚಿಕೊಂಡವರಿಗೆ 2020ರ ತಿದ್ದುಪಡಿ ಆಡಳಿತ ಖರ್ಚಿನ ಮಿತಿಯನ್ನು ನೂರಕ್ಕೆ 50ರಿಂದ 20ಕ್ಕೆ ಇಳಿಸಿತು, ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸೋದನ್ನೂ ನಿಲ್ಲಿಸಿತು. ಆ ಹಣಕ್ಕಾಗಿ ನಾವು ಅಳೋದಿಲ್ಲ. ಕೊಡುವವರು ಬಯಸಿದ ಹಾಗೆ ವರದಿ ಬರೆಯುವ ಚಟ ಅದರ ಜೊತೆಗೇ ಬರುತ್ತೆ.

ಕೊಡಬೇಕಾದ್ದು ಸರ್ಕಾರ. ಪರಿಶಿಷ್ಟ ಜಾತಿ ಪಂಗಡಗಳ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ ಇದೆ. ಒಳ್ಳೆಯದೇ. ಆದರೆ ಪದವಿ ಮುಗಿಸಿದವರಿಗೆ ಅದು. ಓದುವಾಗಲೇ ಸೋತು ಊರಿಗೆ ಹೋದವನು ಆ ಭತ್ಯೆಯ ತನಕ ತಲುಪೋದು ಹ್ಯಾಗೆ? 2013ರ ಉಪಯೋಜನೆ ಕಾಯ್ದೆಯಡಿ ಎತ್ತಿಡುವ ಹಣದಲ್ಲಿ ವಿದ್ಯಾರ್ಥಿಗಳ ಅರೆಕಾಲಿಕ ಹಕ್ಕು ತರಬೇತಿಗೆ ಒಂದು ಬಾಬ್ತು ಇಡಲಿ. ದುಡ್ಡು ಕಾಲೇಜಿನ ಖಾತೆಗಲ್ಲ, ನೇರ ವಿದ್ಯಾರ್ಥಿಯ ಖಾತೆಗೆ, ತಿಂಗಳು ತಿಂಗಳೂ ಬೀಳಲಿ. ವರ್ಷದ ಕೊನೆಗೆ ಬರುವ ವಿದ್ಯಾರ್ಥಿವೇತನದ ಪುರಾಣ ನಮಗೆಲ್ಲ ಗೊತ್ತೇ ಇದೆ.

ಅಲ್ಲಿಯವರೆಗೆ ಕೈಗೆಟುಕುವ ಒಂದು ದಾರಿ ಇದೆ. ಕಾನೂನು ಸೇವಾ ಪ್ರಾಧಿಕಾರದ ಅರೆಕಾಲಿಕ ಕಾನೂನು ಸ್ವಯಂಸೇವಕರಾಗಿ, ವಕೀಲರಾಗಿ ನೋಂದಾಯಿಸುವ ತನಕ, ಕಾನೂನು ವಿದ್ಯಾರ್ಥಿಗಳೂ ಸೇರಬಹುದು. ಕೆಲಸ ಮಾಡಿದ ದಿನಕ್ಕೆ ಗೌರವಧನ ಉಂಟು. ದೊಡ್ಡ ಮೊತ್ತವಲ್ಲ, ಆದರೂ ಬಿಟ್ಟಿ ಅಲ್ಲ. ಹಳ್ಳಿಯ ಮೇಷ್ಟ್ರುಗಳು ತಮ್ಮ ಶಾಲೆಯಲ್ಲಿ ಓದಿ ಈಗ ಲಾ ಕಾಲೇಜು ಸೇರಿರುವ ಹುಡುಗ ಹುಡುಗಿಯರ ಹೆಸರು ಬರೆದು, ತಾಲ್ಲೂಕು ಕೋರ್ಟಿನ ಸೇವಾ ಸಮಿತಿಗೆ ಅರ್ಜಿ ಹಾಕಿಸಲಿ. ಜಾಗ ಇಲ್ಲ ಅಂದರೆ ಆ ಮಾತನ್ನು ಬರಹದಲ್ಲಿ ಕೇಳಿ ಇಸಕೊಂಡು ಬರಲಿ.