ಟಿಕೆಟ್ ಬೇಡದ ರೈಲಿನಲ್ಲಿ ಸ್ಥಳವಿಲ್ಲದವನು

ಷಿಕಾಗೊದ ಕರ್ಟಿಸ್ ಮೇಫೀಲ್ಡ್ (1942–1999) ಅಜ್ಜಿ ಬೋಧಕಿಯಾಗಿದ್ದ ಪ್ರಾರ್ಥನಾಲಯದಲ್ಲಿ ಸ್ತುತಿಗೀತೆ ಹಾಡಿ ಬೆಳೆದವರು; ಮುಂದೆ ‘ಸೋಲ್’ ಸಂಗೀತದ ಗೀತರಚನಕಾರರೂ ಧ್ವನಿಮುದ್ರಿಕೆಗಳ ನಿರ್ಮಾಪಕರೂ ಆದರು. ದಿ ಇಂಪ್ರೆಷನ್ಸ್ ತಂಡ 1965ರಲ್ಲಿ ಹಾಡಿದ ಅವರ ‘ಪೀಪಲ್ ಗೆಟ್ ರೆಡಿ’ ಅಮೆರಿಕದ ಕಪ್ಪು ಜನರ ಹಕ್ಕಿನ ಹೋರಾಟಕ್ಕೆ ಪ್ರಾರ್ಥನೆಯೇ ಆಯಿತು. ಅದರ ರೈಲಿಗೆ ಟಿಕೆಟ್ ಬೇಡ, ವಿಶ್ವಾಸ ಸಾಕು. ವರಪ್ರಸಾದವನ್ನು ವಿವರಿಸಲು ಇದಕ್ಕಿಂತ ಸರಳವಾದ ಚಿತ್ರ ನಮಗೆ ದೊರೆತಿಲ್ಲ. ಆದರೆ ಪ್ರಬೋಧನೆಯಲ್ಲಿ ಇದನ್ನು ಉದಾಹರಿಸುವಾಗ (ನಾವೂ ಹೊರತಲ್ಲ) ಒಂದು ಚರಣವನ್ನು ಮೆಲ್ಲನೆ ದಾಟಿಬಿಡುತ್ತೇವೆ: ಸ್ವಾರ್ಥಕ್ಕಾಗಿ ಪರರಿಗೆ ಕೇಡೆಸಗುವವನಿಗೆ ಅಲ್ಲಿ ಸ್ಥಳವಿಲ್ಲ.

ಉಚಿತ ವರಕ್ಕೆ ಈ ನಿರ್ಬಂಧವೇಕೆ? 1972ರ ‘ಸೂಪರ್ ಫ್ಲೈ’ ನಮ್ಮನ್ನು ಉತ್ತರದ ಸಮೀಪಕ್ಕೆ ಒಯ್ಯುತ್ತದೆ. ಚಲನಚಿತ್ರವು ಕೊಕೇನ್ ಮಾರುವವನನ್ನು ನಾಯಕನಾಗಿಸಿತು. ಅದಕ್ಕೆ ಮೇಫೀಲ್ಡ್ ರಚಿಸಿದ ಹಾಡು ಆ ಲೋಕಕ್ಕೆ ಬಲಿಯಾದ ಫ್ರೆಡ್ಡಿಗಾಗಿ ಶೋಕಿಸಿತು. ಅವರ ಕಣ್ಣು ಮೊದಲು ಹೋಗುವುದು ನೊಂದವನ ಕಡೆಗೆ. ಮತ್ತಾಯನ 25ನೇ ಅಧ್ಯಾಯದ ಕಠಿಣ ತೀರ್ಪೂ ಹಸಿದವನ ಪಕ್ಷವಹಿಸಿಯೇ ನುಡಿದದ್ದು. ಆದರೂ ಯಾವ ಪಾಪಿಯನ್ನೂ ಆಶಾಹೀನನೆನ್ನಲು ನಾವು ಒಪ್ಪಲಾರೆವು. ಶಿಲುಬೆಯ ಮೇಲಿನ ಕಳ್ಳನಿಗೆ ಕಡೆಯ ಗಳಿಗೆಯಲ್ಲಿ ಸ್ಥಳ ಸಿಕ್ಕಿತು. ಹಾಡು ಸಹ ಅದೇ ಉಸಿರಿನಲ್ಲಿ ಕನಿಕರವನ್ನು ಬೇಡುತ್ತದೆ. ಬಾಗಿಲು ಮುಚ್ಚಲು ಅದಕ್ಕೂ ಮನಸ್ಸಿಲ್ಲ.

ನೊಂದವರ ಪರ ಹಾಡಿದವರು 1990ರಲ್ಲಿ ತಾವೇ ನೊಂದರು. ಬ್ರೂಕ್ಲಿನ್‌ನ ವೇದಿಕೆಯಲ್ಲಿ ದೀಪಗಳ ಚೌಕಟ್ಟು ಮೇಲೆ ಬಿದ್ದು, ಕುತ್ತಿಗೆಯಿಂದ ಕೆಳಗೆ ದೇಹ ಸ್ವಾಧೀನ ತಪ್ಪಿತು. ಗಿಟಾರ್ ಮತ್ತೆ ಕೈಗೆ ಬರಲಿಲ್ಲ. 1996ರ ‘ನ್ಯೂ ವರ್ಲ್ಡ್ ಆರ್ಡರ್’ ಸಂಕಲನಕ್ಕೆ ಅವರು ಅಂಗಾತ ಮಲಗಿ, ಉಸಿರು ಕೂಡಿದಷ್ಟು, ಒಂದೊಂದೇ ಸಾಲು ಹಾಡಿದರು.