ನಲಿ-ಕಲಿ ಕಾರ್ಡುಗಳು: ಅಕ್ಷರ ಬಂದ ಮೇಲೆ ಓದಲು ಏನಿದೆ?

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 'ನಲಿ-ಕಲಿ' ಆರಂಭವಾಯಿತು. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಶಿಕ್ಷಕರು ಅದನ್ನು ರೂಪಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ 1 ಮತ್ತು 2ನೇ ತರಗತಿಗಳಿಗೆ ವಿಸ್ತರಿಸಿತು. ಕಲಿಕಾ ಏಣಿ, ಗುಂಪುಗಳು, ಮಗುವಿನ ಕೈಗೆಟಕುವ ಗೋಡೆ ಹಲಗೆ ಇವೆಲ್ಲ ಪರಿಚಿತವೇ. ಇಲ್ಲಿ ಪರಿಶೀಲಿಸುತ್ತಿರುವುದು ಓದು ಕಲಿಸುವ ಕಾರ್ಡುಗಳನ್ನು ಮಾತ್ರ.

ಅವುಗಳಲ್ಲಿ ಮೆಚ್ಚಬೇಕಾದದ್ದು ಅಕ್ಷರಗಳ ಕ್ರಮ. ನಮ್ಮ ವರ್ಣಮಾಲೆ ಉಚ್ಚಾರಣೆಯ ಸ್ಥಾನಗಳಿಗೆ ಅನುಗುಣವಾಗಿ ಜೋಡಣೆಗೊಂಡಿದೆ. ವೈಯಾಕರಣರಿಗೆ ಅದು ಸೊಗಸು. ಆದರೆ ಸ್ವರಗಳನ್ನೆಲ್ಲ ಬಾಯಿಪಾಠ ಮಾಡಿದ ಮಗು ಅವುಗಳಿಂದ ಓದಬಹುದಾದ ಪದಗಳು ಇಲ್ಲವೆನ್ನುವಷ್ಟು ಕಡಿಮೆ. ಅದೇ ರ, ಗ, ಸ, ದ, ಅ ಎಂಬ ಐದರಿಂದ ಸರ, ಅಗಸ, ಅರಸ, ಗರಗಸ, ಸರಸರ ಎಲ್ಲವೂ ಸಿದ್ಧ. ಕೆಲವೇ ದಿನಗಳಲ್ಲಿ ಮಗು 'ನಾನು ಓದಿದೆ' ಎನ್ನಬಲ್ಲದು. ಅ, ಆ, ಇ, ಈ ಇಲ್ಲದೆ ಅದೆಂಥ ಕಲಿಕೆ ಎಂದು ಗೊಣಗುವ ಹಿರಿಯರು ಇದನ್ನು ಗಮನಿಸಬೇಕು.

ಕೊರತೆ ಇರುವುದೂ ಇಲ್ಲಿಯೇ. ಕಲಿತ ಅಕ್ಷರಗಳಿಗೆ ಹೊಂದುವ ಪದಗಳನ್ನಷ್ಟೇ ಆರಿಸುವುದರಿಂದ ಮಗುವಿನ ಮಾತು ಹೊರಗುಳಿಯುತ್ತದೆ. ದಿನವಿಡೀ ಆಡುವ 'ಬಾ', 'ಕೊಡು', 'ಹೋಗೋಣ' ಮೊದಲ ಐದು ಅಕ್ಷರಗಳಲ್ಲಿ ಬರೆಯಲಾಗದವು. ಅವಕ್ಕೆ ಕಾಗುಣಿತ ಬೇಕು. ಇನ್ನು ಅಮ್ಮ, ಅಪ್ಪ, ಅಕ್ಕ, ಅಣ್ಣ ಎಲ್ಲರಿಗೂ ಒತ್ತಕ್ಷರವೇ! ಹೀಗಾಗಿ ಮನೆಯವರನ್ನು ಅಕ್ಷರದಲ್ಲಿ ಕಾಣುವ ಮೊದಲೇ ಮಗು ಅರಸನನ್ನೂ ಗರಗಸವನ್ನೂ ಓದಿರುತ್ತದೆ. ಬಿಡಿ ಪದಗಳನ್ನು ಒಪ್ಪಿಸಿ ಮೆಟ್ಟಿಲು ಏರುವುದೇ ಓದು ಎಂಬ ಭಾವನೆ ಬೇರೂರಿದರೆ ಆಮೇಲೆ ತಿದ್ದುವುದು ಕಷ್ಟ.

ಇದಕ್ಕೆ ಹೊಸ ಯೋಜನೆ ಬೇಕಿಲ್ಲ. ಮಗು ಹೇಳಿದ ಒಂದು ವಾಕ್ಯವನ್ನು, 'ನಮ್ಮ ಎಮ್ಮೆ ಕರು ಹಾಕಿತು' ಎಂಬಂಥದ್ದನ್ನು, ಶಿಕ್ಷಕರು ಗೋಡೆ ಹಲಗೆಯ ಮೇಲೆ ಬರೆದು ಬೆರಳಿಟ್ಟು ಓದಿಸಬಹುದು. ಒತ್ತಕ್ಷರ ಇನ್ನೂ ಕಲಿಸಿಲ್ಲವೆಂಬ ಅಂಜಿಕೆ ಬೇಡ; ತನ್ನದೇ ಮಾತನ್ನು ಮಗು ಗುರುತಿಸುತ್ತದೆ. ಜೊತೆಗೆ, ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಜಾಲತಾಣದಲ್ಲಿ ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಕಥೆಗಳು ಉಚಿತವಾಗಿ ದೊರೆಯುತ್ತವೆ; ಮುದ್ರಿಸಿಕೊಳ್ಳಲೂ ಅನುಮತಿಯಿದೆ. ಮೊದಲ ಮಟ್ಟದ ನಾಲ್ಕಾರು ಕಥೆಗಳನ್ನು ಹೊಲಿದು ಕಾರ್ಡುಗಳ ಪಕ್ಕದಲ್ಲೇ ನೇತುಹಾಕಬಹುದು. ಅವಕ್ಕೆ ಮಾತ್ರ ಮೆಟ್ಟಿಲಿನ ಸಂಖ್ಯೆ ಹಾಕಬಾರದು.